ಹೊಸ ಮಂಡಿ, ಹಳೇ ಗುಡ್ಡ

ನಮ್ಮೂರು ಸಿದ್ದಾಪುರ ತಾಲೂಕಿನಲ್ಲಿ, ಘಟ್ಟದ ಅಂಚಿನಲ್ಲಿದೆ. ಇಲ್ಲಿ ಸಮತಟ್ಟು ಜಾಗ ಅಂತ ಇರೋದು ಮನೆ ಎದುರಿನ ಅಂಗಳ ಮಾತ್ರ. ಉಳಿದದ್ದೆಲ್ಲ ಒಂದೋ ಏರು, ಇಲ್ಲ ಇಳುಕಲು. ಅಡಕೆ ತೋಟ ಕೆಳಗೆ ಕಣಿವೆಯಲ್ಲಿ. ಸೊಪ್ಪಿನ ಬೆಟ್ಟ ಮನೆ ಹಿಂದೆ, ಮೇಲಕ್ಕೆ. ಪಕ್ಕದ ಮನೆ ಅಂದರೂ ನಡುವೆ ಒಂದು ಹಳ್ಳ ಇರುತ್ತದೆ. ತೋಟಕ್ಕೆ ಹಾಕುವ ಸೊಪ್ಪಿಗಾಗಿ ಬ್ರಿಟಿಷರ ಕಾಲದಲ್ಲೇ ಬಿಟ್ಟುಕೊಟ್ಟ ಬೆಟ್ಟ ಇದು. ಎಕರೆ ತೋಟಕ್ಕೆ ಒಂಬತ್ತು ಎಕರೆ ತನಕ ಕೊಟ್ಟಿದ್ದರು. ಆ ಬೆಟ್ಟದಿಂದ ಹೊರೆ ಹೊತ್ತು ಇಳಿದೂ ಇಳಿದೂ ನಮ್ಮ ಕಡೆ ಎಷ್ಟೋ ಹೆಂಗಸರ ಮಂಡಿ ಅರವತ್ತು ದಾಟುವುದರೊಳಗೆ ಕೈಕೊಟ್ಟಿರುತ್ತದೆ.

ನನಗೆ ಸೊಪ್ಪಿನ ಹೊರೆ ಕಡಿಮೆ, ಶಾಲೆಯ ದಾರಿ ಜಾಸ್ತಿ. ಪ್ರಾಥಮಿಕ ಶಾಲೆಯಲ್ಲಿ ಅಕ್ಕೋರಾಗಿದ್ದೆ. ಒಂದು ಗುಡ್ಡ ಹತ್ತಿ ಇಳಿದರೆ ಶಾಲೆ, ಸಂಜೆ ಮತ್ತದೇ ಗುಡ್ಡ. ಬೆಳಿಗ್ಗೆ ಕೊಟ್ಟಿಗೆ ಕೆಲಸ, ಕುಕ್ಕರುಗಾಲಲ್ಲಿ ಕೂತು ಹಾಲು ಕರೆಯೋದು, ಸುಗ್ಗಿಯಲ್ಲಿ ರಾತ್ರಿ ಹತ್ತರ ತನಕ ಮೆಟ್ಟುಗತ್ತಿ ಮೇಲೆ ಕೂತು ಅಡಕೆ ಸುಲಿಯೋದು ಎಲ್ಲ ಇತ್ತು. ಅರವತ್ತಕ್ಕೆ ನಿವೃತ್ತಿ ಆಯ್ತು. ಅರವತ್ತಾರರ ಹೊತ್ತಿಗೆ ಬಲಗಾಲು ಹೊರಕ್ಕೆ ಬಿಲ್ಲಿನಂತೆ ಬಾಗಿತ್ತು. ತೋಟಕ್ಕೆ ಇಳಿಯೋದು ನಿಂತು ಎರಡು ಮಳೆಗಾಲ ಕಳೆದಿತ್ತು. ಎಕ್ಸ್‌ರೇ ನೋಡಿ ಡಾಕ್ಟರು ಜಾಸ್ತಿ ಮಾತಾಡಲಿಲ್ಲ. "ನಡುವಿನ ಮೆತ್ತೆ ಪೂರ್ತಿ ಸವೆದಿದೆ. ಮೂಳೆಗೆ ಮೂಳೆ ತಾಗ್ತಿದೆ. ಎಡಗಾಲೂ ಅದೇ ದಾರೀಲಿದೆ" ಅಂದರು.

ಎಣ್ಣೆ, ಲೇಪ, ಬಿಸಿ ಉಪ್ಪಿನ ಶಾಖ, ಇಂಜೆಕ್ಷನ್ ಎಲ್ಲ ಆಗಿತ್ತು. ಇನ್ನು ಉಳಿದದ್ದು ಮಂಡಿ ಬದಲಿಸೋದು.

ಇದನ್ನ ಬರೀತಾ ಇರೋದು ಯಾಕೆ ಅಂದ್ರೆ, ಮಂಡಿ ಆಪರೇಷನ್ ಬಗ್ಗೆ ಸಿಗೋ ಮಾಹಿತಿ ಎಲ್ಲ ಪೇಟೆಯವರಿಗೆ. ಲಿಫ್ಟ್ ಇರುವ ಮನೆ, ಪಾರ್ಕಿನ ವಾಕಿಂಗು, ವಾರಕ್ಕೆ ಮೂರು ಸಲ ಮನೆಗೇ ಬರುವ ಫಿಸಿಯೋ. ಗುಡ್ಡದ ಮೇಲೆ ಬದುಕುವವರು ಹೊಸ ಮಂಡಿ ಇಟ್ಟುಕೊಂಡು ಏನು ಮಾಡಬೇಕು ಅಂತ ನಂಗೆ ಯಾರೂ ಹೇಳಲಿಲ್ಲ.

ಮೊದಲು ದುಡ್ಡಿನ ವಿಷಯ. ಮಂಡಿಗೆ ಹಾಕುವ ಇಂಪ್ಲಾಂಟ್‌ಗೆ 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಬೆಲೆಯ ಮಿತಿ ಹಾಕಿತು. ಸಾಮಾನ್ಯವಾಗಿ ಬಳಸುವ ಕೋಬಾಲ್ಟ್-ಕ್ರೋಮಿಯಂ ಇಂಪ್ಲಾಂಟ್‌ಗೆ ಆಗ ನಿಗದಿಯಾದದ್ದು 54,720 ರೂಪಾಯಿ, ಮೇಲೆ ಜಿಎಸ್‌ಟಿ. ಅದಕ್ಕೂ ಮುಂಚೆ ಅದೇ ವಸ್ತುವಿಗೆ ಜನ ಒಂದೂವರೆ ಲಕ್ಷದ ಆಸುಪಾಸು ಕೊಡುತ್ತಿದ್ದರು. ಆಸ್ಪತ್ರೆಯ ಕೋಣೆ, ಡಾಕ್ಟರ ಫೀಸು, ಔಷಧಿ ಎಲ್ಲ ಬೇರೆ. ಹಾಗಾಗಿ ಒಟ್ಟು ಎಷ್ಟು ಅಂತ ಕೇಳುವಾಗ ಇಂಪ್ಲಾಂಟ್‌ನ ಬೆಲೆ ಬೇರೆಯಾಗಿ ಬರೆಸಿಕೊಳ್ಳಿ. ನಮ್ಮನೆಯವರು ಅಡಕೆ ವ್ಯಾಪಾರ ಮಾಡಿದವರು. ಕೌಂಟರಿನಲ್ಲಿ ಕೂತು ಒಂದೊಂದೇ ಸಾಲು ಓದಿಸಿ ಕೇಳಿದರು. ಅಲ್ಲಿದ್ದ ಹುಡುಗಿಗೆ ಬೇಜಾರಾಗಿರಬೇಕು ಪಾಪ.

ಎರಡನೇದು, ಯಾವಾಗ ಅನ್ನೋದು. ಪೇಟೆಯವರಿಗೆ ಇದು ಪ್ರಶ್ನೆಯೇ ಅಲ್ಲ. ನಮಗೆ ಇದೇ ದೊಡ್ಡದು. ನವೆಂಬರಿನಿಂದ ಕೊನೆಕೊಯ್ಲು, ಅಂದರೆ ಅಡಕೆ ಗೊನೆ ಇಳಿಸೋದು. ಸುಲಿದು, ಬೇಯಿಸಿ, ಒಣಗಿಸಿ ಮುಗಿಯುವಾಗ ಜನವರಿ ಕೊನೆ. ಜೂನಿಗೆ ಮಳೆ ಹಿಡಿದರೆ ಮೆಟ್ಟಿಲ ಮೇಲೆಲ್ಲ ಹಾವಸೆ. ಡಾಕ್ಟರು ಸಾಮಾನ್ಯ ಓಡಾಟಕ್ಕೆ ಮೂರು ತಿಂಗಳು ಬೇಕು ಅಂದಿದ್ದರು. ಬೆರಳು ಮಡಿಚಿ ಲೆಕ್ಕ ಹಾಕಿದೆ. ಫೆಬ್ರವರಿ ಬಿಟ್ಟರೆ ಬೇರೆ ತಿಂಗಳೇ ಇಲ್ಲ.

ಅಷ್ಟರೊಳಗೆ ಮನೆ ತಯಾರಾಗಬೇಕಿತ್ತು. ನಮ್ಮ ಬಚ್ಚಲು ಹಿಂದುಗಡೆ, ಎರಡು ಮೆಟ್ಟಿಲು ಕೆಳಗೆ. ಅಲ್ಲಿಗೆ ಕಬ್ಬಿಣದ ಕೈಹಿಡಿ ಹಾಕಿಸಿದೆವು. ಕಮೋಡ್ ಬಂತು. ನೆಲದ ಮೇಲೆ ಹಾಸಿ ಮಲಗುವುದು ಬಿಟ್ಟು ಮಂಚ ಬಂತು. ವಾಕರ್ ಮಾತ್ರ ಕೊಳ್ಳಬೇಕಾಗಲಿಲ್ಲ. ಹಳ್ಳದಾಚೆ ಮನೆ ಭಾವನಿಗೆ ಸೊಂಟದ ಮೂಳೆ ಮುರಿದಾಗ ಬಳಸಿದ್ದು ಅವರ ಮೆತ್ತಿನ ಮೇಲೆ, ಅಂದರೆ ಅಟ್ಟದಲ್ಲಿತ್ತು. ಅವರಿಗೂ ಅದು ಇನ್ಯಾರದೋ ಮನೆಯಿಂದ ಬಂದದ್ದು. ಕಾಲಿನ ರಬ್ಬರ್ ಸವೆದಿತ್ತು, ಅದೊಂದು ಹೊಸದು ಹಾಕಿಸಿದೆವು.

ಆಪರೇಷನ್ ಹುಬ್ಬಳ್ಳಿಯಲ್ಲಿ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸುತ್ತಾರೆ, ಎಚ್ಚರ ಇರುತ್ತದೆ. ನೋವಿಲ್ಲ, ಆದರೆ ಸದ್ದು ಕೇಳುತ್ತದೆ. ಗರಗಸ, ಆಮೇಲೆ ಸುತ್ತಿಗೆ. ಪರದೆಯಾಚೆ ಬಡಗಿಗಳು ಬಾಗಿಲು ಕೂರಿಸಿದ ಹಾಗೆ. ಹೆದರುವವರು ಮೊದಲೇ ಹೇಳಿದರೆ ಮಂಪರು ಬರುವ ಔಷಧಿ ಕೊಡುತ್ತಾರೆ. ನಂಗೆ ಕುತೂಹಲ ಜಾಸ್ತಿ, ಬೇಡ ಅಂದಿದ್ದೆ.

ಮರುದಿನವೇ ಎಬ್ಬಿಸಿ ನಿಲ್ಲಿಸಿದರು. ಫಿಸಿಯೋ ಹುಡುಗಿ ಧಾರವಾಡದ ಕಡೆಯವಳು. "ಏಳ್ರೀ ಅಮ್ಮಾರ, ಏನೂ ಆಗೂದಿಲ್ಲ. ನಿಮ್ಮ ಮೊಣಕಾಲ ಈಗ ನನ್ನ ಮೊಣಕಾಲಕಿಂತ ಗಟ್ಟಿ ಐತಿ" ಅಂದಳು. ಎದ್ದೆ. ಕಾಲು ನನ್ನದಲ್ಲ ಅನ್ನಿಸಿತು, ಆದರೆ ಹಳೇ ನೋವು ಇರಲಿಲ್ಲ. ಇದ್ದದ್ದು ಹೊಸ ನೋವು, ಕೊಯ್ದ ಗಾಯದ ನೋವು. ಎರಡಕ್ಕೂ ವ್ಯತ್ಯಾಸ ಗೊತ್ತಾಗುತ್ತದೆ. ಗಾಯದ ನೋವು ದಿನಕ್ಕಿಷ್ಟು ಅಂತ ಇಳಿಯುತ್ತಾ ಹೋಗುತ್ತದೆ.

ಅವಳು ಕಲಿಸಿದ್ದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ನೋಡೋಕೆ ಏನೂ ಅಲ್ಲ. ಟವೆಲ್ ಸುರುಳಿ ಸುತ್ತಿ ಹಿಮ್ಮಡಿ ಕೆಳಗೆ ಇಡೋದು. ಮಂಡಿ ಗಾಳಿಯಲ್ಲಿ ಇರುತ್ತದಲ್ಲ, ಅದನ್ನ ತೊಡೆಯ ಬಲದಿಂದ ಹಾಸಿಗೆ ಕಡೆಗೆ ಒತ್ತೋದು. ಐದು ಎಣಿಸಿ ಬಿಡೋದು. ಎಲ್ಲರೂ "ಎಷ್ಟು ಮಡಚ್ತದೆ?" ಅಂತ ಕೇಳುತ್ತಾರೆ. ಅವಳು ಮಾತ್ರ ದಿನಾ ನೋಡಿದ್ದು ಎಷ್ಟು ನೆಟ್ಟಗಾಗುತ್ತದೆ ಅಂತ. ಪೂರ್ತಿ ನೆಟ್ಟಗಾಗದ ಕಾಲು ಜೀವಮಾನ ಇಡೀ ಕುಂಟುತ್ತದಂತೆ. ರಾತ್ರಿ ಮಂಡಿ ಕೆಳಗೆ ದಿಂಬು ಇಟ್ಟರೆ ಎಷ್ಟು ಹಿತ ಅಂತೀರಿ! ಅದನ್ನೇ ಇಡಬಾರದು. ದಿಂಬಿನ ಮೇಲೆ ಬಾಗಿಕೊಂಡೇ ಕಾಲು ಗಟ್ಟಿಯಾಗಿಬಿಡುತ್ತದೆ. ಒಂದು ರಾತ್ರಿ ಪಕ್ಕದ ಹಾಸಿಗೆಯವರ ಮಗ ಪ್ರೀತಿಯಿಂದ ಅಮ್ಮನಿಗೆ ದಿಂಬು ಇಟ್ಟ. ನಾನು ಅಕ್ಕೋರ ಧ್ವನಿಯಲ್ಲಿ "ತೆಗೆಯಪ್ಪಾ ಅದನ್ನ" ಅಂದೆ. ಹೆದರಿ ತೆಗೆದ.

ಮಡಚೋದು ತೊಂಬತ್ತು ಡಿಗ್ರಿ ಆದರೆ ಕುರ್ಚಿಯಲ್ಲಿ ಕೂರಬಹುದು. ಮೆಟ್ಟಿಲಿಗೆ, ಅದರಲ್ಲೂ ನಮ್ಮ ಕಡೆಯ ಎತ್ತರದ ಕಲ್ಲು ಮೆಟ್ಟಿಲಿಗೆ, ಅದಕ್ಕಿಂತ ಜಾಸ್ತಿ ಬೇಕು. ನೂರ ಹತ್ತು, ನೂರ ಇಪ್ಪತ್ತು. ಕುಕ್ಕರುಗಾಲು, ಚಕ್ಕಳಮಕ್ಕಳ ಇನ್ನು ಬೇಡವೇ ಬೇಡ ಅಂದರು. ಅಂದರೆ ಮೆಟ್ಟುಗತ್ತಿ ಇಲ್ಲ, ಈಳಿಗೆಮಣೆ ಇಲ್ಲ, ಪಂಕ್ತಿಯಲ್ಲಿ ನೆಲದ ಮೇಲೆ ಊಟ ಇಲ್ಲ. ನಿಜ ಹೇಳ್ತೀನಿ, ಮೆಟ್ಟುಗತ್ತಿ ತಪ್ಪಿದ್ದಕ್ಕೆ ನಂಗೇನೂ ದುಃಖ ಆಗಲಿಲ್ಲ.

ಮಗಳು ಬೆಂಗಳೂರಿಗೆ ಕರೆದಳು. "ಮೂರು ತಿಂಗಳು ಇರಮ್ಮಾ, ಲಿಫ್ಟ್ ಇದೆ, ಕೆಳಗೆ ಪಾರ್ಕ್ ಇದೆ." ಅವಳ ಮಾತು ಸುಳ್ಳಲ್ಲ. ಆದರೆ ನಾನು ನಡೆಯಬೇಕಾದದ್ದು ಪಾರ್ಕಿನಲ್ಲಿ ಅಲ್ವಲ್ಲ. ಕೊನೆಗೆ ವಾಪಸ್ ಬರಬೇಕಾದ್ದು ಇದೇ ಗುಡ್ಡಕ್ಕೆ. ಇಲ್ಲೇ ಕಲೀತೀನಿ ಅಂದೆ. ಅವಳು ಸಿಟ್ಟು ಮಾಡಿಕೊಂಡೇ ಜೊತೆಗೆ ಬಂದು ಹತ್ತು-ಹದಿನೈದು ದಿನ ಇದ್ದು ಹೋದಳು.

ಕಾರು ನಿಲ್ಲುವ ಜಾಗದಿಂದ ನಮ್ಮನೆಗೆ ಕಾಲುದಾರಿ, ಅದೂ ಏರು. ವಾಕರ್ ಹಿಡಿದು ಹತ್ತೋ ಹಾಗಿಲ್ಲ. ಅಲ್ಲಿ ನೋಡಿದರೆ ಕೇರಿಯ ಗಂಡಸರು ಕಾಯುತ್ತಾ ನಿಂತಿದ್ದರು. ಪ್ಲಾಸ್ಟಿಕ್ ಕುರ್ಚಿ ಬೇಡ, ಮರದ್ದೇ ಬೇಕು ಅಂತ ನಮ್ಮ ಜಗಲಿಯ ಹಳೇ ಕುರ್ಚಿ ತಂದು, ಎರಡೂ ಬದಿಗೆ ಬಿದಿರು ಕಟ್ಟಿದ್ದರು. ಹೊತ್ತವರಲ್ಲಿ ಇಬ್ಬರು ನನ್ನ ಹತ್ತಿರ ಮಗ್ಗಿ ಕಲಿತವರು. ನಡುದಾರಿಯಲ್ಲಿ ಒಬ್ಬ, "ಅಕ್ಕೋರೇ, ಹದಿನೇಳರ ಮಗ್ಗಿ ಬರದೇ ಹೋದಾಗ ಹೊರಗೆ ನಿಲ್ಲಿಸಿದ್ರಿ, ನೆನಪಿದ್ಯಾ? ಈಗ ಇಲ್ಲೇ ಇಳಿಸಿಬಿಡ್ಲಾ?" ಅಂದ. ನಕ್ಕು ನಕ್ಕು ಹೊಲಿಗೆ ಎಳೆಯಿತು.

ಮಗಳು ಹೋಗುವ ಮುಂಚೆ ಒಂದು ಚೆಂದದ ಡೈರಿ ಕೊಟ್ಟಳು. ದಿನಾ ರಾತ್ರಿ ಕೃತಜ್ಞತೆ ಅನ್ನಿಸಿದ ಮೂರು ವಿಷಯ ಬರೀಬೇಕಂತೆ. ರಾಬರ್ಟ್ ಎಮ್ಮನ್ಸ್ ಮತ್ತು ಮೈಕೆಲ್ ಮೆಕಲ್ಲೋ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರು 2003ರಲ್ಲಿ ಇದರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದ್ದಾರೆ. ಕಾಲೇಜು ಹುಡುಗರಿಗೆ ವಾರಕ್ಕೊಮ್ಮೆ ಬರೆಯೋಕೆ ಹೇಳಿದ್ದರು. ಒಂದು ಗುಂಪು ಒಳ್ಳೇದಾದದ್ದನ್ನು ಬರೆಯಿತು, ಇನ್ನೊಂದು ಕಿರಿಕಿರಿಯನ್ನು. ಒಳ್ಳೇದು ಬರೆದವರಿಗೆ ಬದುಕು ವಾಸಿ ಅನ್ನಿಸಿತ್ತು, ವ್ಯಾಯಾಮವನ್ನೂ ಜಾಸ್ತಿ ಮಾಡಿದ್ದರು. ಇದನ್ನೆಲ್ಲ ಮಗಳು ಹೇಳಿದಾಗ "ಕಾಲೇಜು ಹುಡುಗರ ಮಂಡಿ ಗಟ್ಟಿ ಇರ್ತದೆ ಬಿಡು" ಅಂದೆ. ಆದರೂ ಡೈರಿ ಖಾಲಿ ಬಿಡೋದು ನನ್ನ ಜಾಯಮಾನ ಅಲ್ಲ.

ಬರೆಯೋಕೆ ಕೂತರೆ ಸೂರ್ಯೋದಯ, ಹಕ್ಕಿ ದನಿ ಅಂತೆಲ್ಲ ಬರಲಿಲ್ಲ. ಬಂದದ್ದು ಮನೆಗಳು. ಆಚೆಮನೆ ಅತ್ತಿಗೆ, ಒಂದೆಲಗದ ತಂಬುಳಿ. ಕೆಳಗಿನ ಮನೆ ತಮ್ಮ, ಎರಡು ದಿನ ತೋಟಕ್ಕೆ ನೀರು ಬಿಟ್ಟದ್ದು. ಹಳ್ಳದಾಚೆ ಭಾವ, ವಾಕರ್. ಗುಡ್ಡದ ಮೇಲಿನ ಅಜ್ಜಿ, ನಾವು ಹುಬ್ಬಳ್ಳಿಯಲ್ಲಿದ್ದಷ್ಟು ದಿನ ಎರಡು ಹೊತ್ತೂ ಬಂದು ದನ ಕರೆದದ್ದು. ಕುರ್ಚಿ ಹೊತ್ತವರು. ವಾರ ಕಳೆಯುವಷ್ಟರಲ್ಲಿ ಡೈರಿ ಹೋಗಿ ಸೊಸೈಟಿಯ ಸಾಲದ ಪುಸ್ತಕ ಆಯ್ತು. ನಮ್ಮನೆಯವರು ಇಣುಕಿ ನೋಡಿ, "ಇದನ್ನ ತೀರಿಸೋದು ಯಾವಾಗ?" ಅಂದರು.

ಒಳ್ಳೇ ಪ್ರಶ್ನೆ. ನಮ್ಮ ಕಡೆ ಹೀಗೆ ಆದದ್ದಕ್ಕೆ ಫೋನ್ ಮಾಡಿ ಉಪಕಾರ ಆಯ್ತು ಅಂದರೆ ಎದುರಿನವರಿಗೆ ಮುಜುಗರ. ಅವರ ಮನೆಗೆ ಹೋಗಬೇಕು. ಜಗಲಿಯಲ್ಲಿ ಕೂರಬೇಕು, ಕಷಾಯ ಕುಡೀಬೇಕು, ಎಲೆಅಡಕೆ ಕವಳ ಹಾಕಬೇಕು, ಅವರ ಎಮ್ಮೆ ಕರು ಹಾಕಿದ ಕಥೆ ಕೇಳಬೇಕು. ಉಪಕಾರದ ಮಾತು ಎತ್ತದಿದ್ದರೂ ಪರವಾಗಿಲ್ಲ, ಹೋಗಿರಬೇಕು ಅಷ್ಟೇ. ಹೋಗಬೇಕು ಅಂದರೆ ಹತ್ತಬೇಕು, ಇಳೀಬೇಕು.

ಅಲ್ಲಿಂದ ನನ್ನ ಫಿಸಿಯೋಥೆರಪಿಗೆ ಪಠ್ಯಕ್ರಮ ಸಿಕ್ಕಿತು. ಡೈರಿಯ ಹಿಂದಿನ ಪುಟದಲ್ಲಿ ಮನೆಗಳನ್ನು ಸುಲಭದಿಂದ ಕಷ್ಟಕ್ಕೆ ಬರೆದೆ. ಒಂದನೇ ಕ್ಲಾಸು ಆಚೆಮನೆ, ಹೆಚ್ಚುಕಮ್ಮಿ ಸಮದಾರಿ. ಆಮೇಲೆ ಕೆಳಗಿನ ಮನೆ, ಅದು ಪೂರಾ ಇಳುಕಲು. ಆಮೇಲೆ ಹಳ್ಳದಾಚೆ, ನಡುವೆ ಸಂಕ, ಅಂದರೆ ಮರದ ಕಾಲುಸೇತುವೆ. ಎಲ್ಲಕ್ಕಿಂತ ಮೇಲೆ, ನಿಜವಾಗಿಯೂ ಮೇಲೆ, ಅಜ್ಜಿ ಮನೆ.

ಹೊಲಿಗೆ ಬಿಚ್ಚುವ ತನಕ ಅಂಗಳದಲ್ಲೇ ವಾಕರ್. ರಕ್ತ ಹೆಪ್ಪುಗಟ್ಟಬಾರದು ಅಂತ ಮಾತ್ರೆ, ಗಂಟೆಗೊಮ್ಮೆ ಪಾದ ಮೇಲೆ ಕೆಳಗೆ ಆಡಿಸೋದು. ಐಸ್ ಇಡಿ ಅಂದಿದ್ದರು. ನಮ್ಮಲ್ಲಿ ಕರೆಂಟು ಇದ್ದರೆ ತಾನೇ ಐಸು. ಗಾಯ ಪೂರ್ತಿ ಒಣಗಿದ ಮೇಲೆ ಅಬ್ಬಿ ನೀರಲ್ಲಿ ಬಟ್ಟೆ ಅದ್ದಿ, ಹಿಂಡಿ ಹಾಕಿಕೊಂಡೆ. ಬೆಟ್ಟದ ಬುಡದಿಂದ ಬರುವ ನೀರು, ಮಾರ್ಚಿನಲ್ಲೂ ತಣ್ಣಗಿರುತ್ತದೆ. ಮಂಡಿ ಮಾತ್ರ ತಿಂಗಳುಗಟ್ಟಲೆ ಬಿಸಿ ಬಿಸಿಯಾಗಿಯೇ ಇತ್ತು. ಇದು ಸಹಜ ಅಂತ ಮೊದಲೇ ಗೊತ್ತಿದ್ದರೆ ಅಷ್ಟು ಹೆದರಬೇಕಾಗಿರಲಿಲ್ಲ. ಜ್ವರ, ಕೀವು, ಒಮ್ಮೆಲೇ ಜಾಸ್ತಿಯಾಗುವ ಕೆಂಪು ಇದ್ದರೆ ಮಾತ್ರ ತಕ್ಷಣ ಓಡಬೇಕು.

ಫಿಸಿಯೋ ಹುಡುಗಿ ವೀಡಿಯೋ ಕಾಲ್ ಮಾಡಿ ಅಂದಿದ್ದಳು. ನಮ್ಮನೆಯಲ್ಲಿ ನೆಟ್‌ವರ್ಕ್ ಸಿಗೋದು ಗಳು ಅಡ್ಡ ಹಾಕಿದ ದಣಪೆ ದಾಟಿ ಮೇಲಿರುವ ಹಲಸಿನ ಮರದ ಹತ್ತಿರ. ನಮ್ಮನೆಯವರು ನಾನು ನಡೆಯುವುದನ್ನು ಫೋನಿನಲ್ಲಿ ತೆಗೆದು, ಆ ಮರದ ತನಕ ಹೋಗಿ ಕಳಿಸಿ, ಅವಳ ಉತ್ತರ ಬರುವ ತನಕ ಅಲ್ಲೇ ಕೂತು, ವಾಪಸ್ ಬಂದು ಓದಿ ಹೇಳುತ್ತಿದ್ದರು. "ಕೋಲು ತಪ್ಪು ಕೈಯಾಗ ಐತಿ ಅಂತೆ." ಹೌದು, ಇದು ಎಲ್ಲರೂ ಮಾಡುವ ತಪ್ಪು. ಬಲಗಾಲಿನ ಆಪರೇಷನ್ ಆದರೆ ಕೋಲು ಎಡಗೈಯಲ್ಲಿರಬೇಕು. ಬಲಗಾಲು ಮುಂದಿಟ್ಟಾಗ ಕೋಲೂ ಜೊತೆಗೆ ಮುಂದೆ ಬರಬೇಕು. ಆಗ ಭಾರ ಹಂಚಿಹೋಗುತ್ತದೆ. ಆ ಓಡಾಟದಲ್ಲಿ ನಮ್ಮನೆಯವರ ಹೊಟ್ಟೆ ಕರಗಿದ್ದು ಬೇರೆ ಲಾಭ. ಅವರಿಗೆ ಎಪ್ಪತ್ತೊಂದು.

ಮೆಟ್ಟಿಲಿಗೆ ಒಂದು ಸೂತ್ರ ಇದೆ. ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ನನ್ನ ಕಷ್ಟ ಏನು ಅಂದ್ರೆ, ನಂಗೆ ಒಳ್ಳೆ ಕಾಲು ಅಂತಲೇ ಇರಲಿಲ್ಲ. ಎಡಗಾಲೂ ಹಳೇ ರೋಗಿ. ಹಾಗಾಗಿ ಮೊದಮೊದಲು ಹತ್ತುವಾಗ ಎಡಗಾಲು ಕಿರುಚುತ್ತಿತ್ತು, ಇಳಿಯುವಾಗ ಬಲಗಾಲು. ತಿಂಗಳೆರಡು ಕಳೆದ ಮೇಲೆ ತಮಾಷೆ ಆಯ್ತು. ಹೊಸ ಕಾಲೇ ಒಳ್ಳೆ ಕಾಲಾಗಿ, ಸೂತ್ರ ತಿರುಗಿಹೋಯಿತು.

ಆಚೆಮನೆಗೆ ಹೋದ ದಿನ ದಣಪೆ ದಾಟೋದೇ ದೊಡ್ಡ ಕೆಲಸ. ದನ ನುಗ್ಗದ ಹಾಗೆ ಅಡ್ಡ ಹಾಕಿದ ಗಳುಗಳನ್ನು ಮೊದಲೆಲ್ಲ ಕಾಲೆತ್ತಿ ದಾಟುತ್ತಿದ್ದೆ. ಈಗ ಒಂದೊಂದಾಗಿ ಸರಿಸಿ, ದಾಟಿ, ಮತ್ತೆ ಹಾಕಬೇಕು. ಅತ್ತಿಗೆ ನೋಡಿದವರೇ ಸೌಟು ಹಿಡಿದುಕೊಂಡೇ ಹೊರಗೆ ಬಂದರು. "ಅಯ್ಯೋ, ಹೇಳಿದ್ರೆ ನಾನೇ ಬರ್ತಿದ್ನಲ್ಲೇ! ಆಸ್ರಿಗೆ, ಕುಡಿಯೋಕೆ ಎಂತ ಮಾಡ್ಲಿ?" ಮಣೆ ಹಾಕೋಕೆ ಹೋದವರು ನೆನಪಾಗಿ ಕುರ್ಚಿ ತಂದರು. ಆಮೇಲೆ ಕಷಾಯಕ್ಕೂ ಮುಂಚೆ ಕೇಳಿದ್ದು, "ಎಲ್ಲಿ, ತೋರ್ಸು."

ಇದು ಪ್ರತಿ ಮನೆಯಲ್ಲೂ ಆಯ್ತು. ಸೀರೆ ಸ್ವಲ್ಪ ಎತ್ತಿ ಗಾಯದ ಗೆರೆ ತೋರಿಸಬೇಕು. ನೋಡಿದವರು ಆಮೇಲೆ ತಮ್ಮ ಮಂಡಿ ತೋರಿಸುತ್ತಾರೆ. ಯಾವ ಮನೆಗೆ ಹೋದರೂ ಒಂದು ಜೋಡಿ ಕೆಟ್ಟ ಮಂಡಿ ಇದ್ದೇ ಇದೆ. ಬಾಗಿದ್ದು, ಊದಿದ್ದು, ಕಟಕಟ ಅನ್ನೋದು. ಯಾರೂ ಡಾಕ್ಟರಿಗೆ ತೋರಿಸಿಲ್ಲ. ನಾನು ಡಾಕ್ಟರಲ್ಲ, ಆಪರೇಷನ್ ಮಾಡಿಸಿ ಅಂತ ಯಾರಿಗೂ ಹೇಳಲಿಲ್ಲ. ಆದರೆ ಆ ಟವೆಲ್ ಸುರುಳಿ ವ್ಯಾಯಾಮ ಮಾತ್ರ ಕೇಳಿದವರಿಗೆಲ್ಲ ಕಲಿಸಿದೆ. ತೊಡೆಯ ಮುಂದಿನ ಸ್ನಾಯು ಗಟ್ಟಿಯಾದರೆ ಸವೆದ ಮಂಡಿಗೂ ಆರಾಮ.

ಕೆಳಗಿನ ಮನೆಗೆ ಹೋಗೋದು ಕಲಿಯುವಾಗ ಜಾಸ್ತಿ ಹೊತ್ತು ಹಿಡಿಯಿತು. ಏರು ಏದುಸಿರು ತರುತ್ತದೆ, ಅಷ್ಟೇ. ಮಂಡಿಯನ್ನ ಪರೀಕ್ಷೆ ಮಾಡೋದು ಇಳುಕಲು. ಇಳಿಯುವಾಗ ಮಂಡಿ ಮೇಲೆ ಮೈ ತೂಕದ ಮೂರು-ನಾಲ್ಕು ಪಟ್ಟು ಭಾರ ಬೀಳುತ್ತದೆ. ನನ್ನ ತೂಕ ಅರವತ್ತೆಂಟು ಕೆಜಿ, ನೀವೇ ಲೆಕ್ಕ ಹಾಕಿ. ನೆಟ್ಟಗೆ ಇಳಿಯದೆ ಓರೆಯಾಗಿ ಆ ಬದಿ ಈ ಬದಿ ಇಳಿಯೋದು ಕಲಿತೆ. ಹೆಜ್ಜೆ ಚಿಕ್ಕದು, ಮಂಡಿ ಸ್ವಲ್ಪ ಮಡಚಿ. ಜಂಭಿಟ್ಟಿಗೆಯ ಮೆಟ್ಟಿಲು ಇರುವ ಕಡೆ ಕಷ್ಟ ಇಲ್ಲ. ಒಣ ಎಲೆ ಬಿದ್ದ ಮಣ್ಣಿನ ದಾರಿಯಲ್ಲಿ ಕೋಲಿನ ತುದಿಯಿಂದ ಎಲೆ ಸರಿಸಿ, ಕೆಳಗೆ ಬೇರು ಇದೆಯೋ ಕಲ್ಲು ಇದೆಯೋ ನೋಡಿಯೇ ಕಾಲಿಡೋದು. ಹಾಗೆ ನೋಡ್ತಾ ನೋಡ್ತಾ ಈ ದಾರಿಯಲ್ಲಿ ಒಂದೆಲಗ ಎಲ್ಲೆಲ್ಲಿ ಬೆಳೆಯುತ್ತದೆ ಅಂತ ಗೊತ್ತಾಯಿತು. ಇಷ್ಟು ವರ್ಷ ಗಂಟೆ ನೋಡಿಕೊಂಡು ಓಡಿದ್ದೇ ಆಯ್ತು ನೋಡಿ.

ಒಣ ಎಲೆ ಅಂದಾಗ ಇನ್ನೊಂದು ವಿಷಯ. ನಾನು ನಡಿಗೆ ಶುರು ಮಾಡಿದ್ದು ಮಂಗನ ಕಾಯಿಲೆಯ ಕಾಲದಲ್ಲೇ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಕಾಯಿಲೆ, ಇವತ್ತಿಗೂ ನಮ್ಮ ತಾಲೂಕನ್ನು ಬಿಟ್ಟಿಲ್ಲ. ಡಿಸೆಂಬರಿನಿಂದ ಮೇ ತನಕ ಇದನ್ನ ಹರಡುವ ಉಣುಗಿನ, ಅಂದರೆ ಉಣ್ಣೆ ಹುಳದ ಕಾಟ. ಮಂಗ ಸತ್ತು ಬಿದ್ದಿದ್ದರೆ ಆ ಕಡೆ ಹೋಗೋ ಹಾಗೇ ಇಲ್ಲ. ಆಶಾ ಕಾರ್ಯಕರ್ತೆ ಉಣುಗು ಹತ್ತದ ಹಾಗೆ ಹಚ್ಚೋ ಡೇಪಾ ಎಣ್ಣೆ ತಂದು ಕೊಟ್ಟು, "ಅಕ್ಕೋರೇ, ಮನೆ ಬಿಡೋ ಮುಂಚೆ ಕೈಕಾಲಿಗೆ ಹಚ್ಚಿ. ಬೆಟ್ಟಕ್ಕೆ ಮಾತ್ರ ಹೋಗ್ಬೇಡಿ" ಅಂದಳು. ಅವಳೂ ಇದೇ ಗುಡ್ಡ ಹತ್ತಿ ಮನೆ ಮನೆಗೆ ಬರುವವಳು. ಡೈರಿಯಲ್ಲಿ ಅವಳ ಹೆಸರು ಸೇರಿತು. ಮನೆ ತಾಲೂಕಿನ ಆ ತುದಿಯಲ್ಲಿದೆ ಅಂದಳು. ಅದಕ್ಕೆ ಬಸ್ಸೇ ಹಿಡೀಬೇಕು. ಹಾಗಾಗಿ ಮೇ ತನಕ ಬೆಟ್ಟ ಇಲ್ಲ, ಓಡಾಡುವ ದಾರಿಯಲ್ಲೇ ನಡಿಗೆ.

ಸಂಕದ ಹತ್ತಿರ ತಿಂಗಳುಗಟ್ಟಲೆ ನಿಂತೆ. ಎರಡು ಮರದ ಬೊಡ್ಡೆ, ಮೇಲೆ ಅಡಕೆ ಮರ ಸೀಳಿದ ದಬ್ಬೆ, ಒಂದೇ ಬದಿಗೆ ಹಿಡಿಕೆ. ಕೆಳಗೆ ಹಳ್ಳ, ಬೇಸಗೆಯಲ್ಲಿ ಮಂಡಿ ಮುಳುಗುವಷ್ಟೂ ನೀರಿರೋದಿಲ್ಲ. ಭಯ ನೀರಿನದ್ದಲ್ಲ. ಹೊಸ ಮಂಡಿ ನಂಬೋದಕ್ಕೆ ಮನಸ್ಸು ಒಪ್ಪೋದಿಲ್ಲ. ಅರವತ್ತೈದು ದಾಟಿದವರು ವಾರಕ್ಕೆ ಮೂರು ದಿನವಾದರೂ ಸಮತೋಲನದ ವ್ಯಾಯಾಮ ಮಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಜೊತೆಗೆ ವಾರಕ್ಕೆ ನೂರೈವತ್ತು ನಿಮಿಷವಾದರೂ ಚುರುಕಾದ ನಡಿಗೆಯಂಥ ಚಟುವಟಿಕೆ. ನಾನು ಅಂಗಳದಲ್ಲಿ ಒಂದು ಗೆರೆ ಎಳೆದು, ಅದರ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ನಡೆದೆ. ಜಗಲಿ ಕಂಬ ಹಿಡಿದು ಒಂಟಿ ಕಾಲಲ್ಲಿ ನಿಂತೆ. ನೋಡಿದವರು ಅಕ್ಕೋರಿಗೆ ಶಿಕ್ಷೆ ಕೊಟ್ಟದ್ದು ಯಾರು ಅಂತ ಕೇಳಿದರು. ಕೊನೆಗೆ ಭಾವನೇ ಆಚೆ ದಡದಿಂದ ಕೈ ಚಾಚಿ ನಿಂತ ದಿನ ದಾಟಿದೆ. ಅವನ ಸೊಂಟಕ್ಕೂ ಕಬ್ಬಿಣ, ನನ್ನ ಮಂಡಿಗೂ ಕಬ್ಬಿಣ. "ಯಾರು ಯಾರನ್ನ ಹಿಡ್ಕಳ್ಳದು ಮಾರಾಯ್ತಿ" ಅಂದ.

ಅಜ್ಜಿಯ ಮನೆಗೆ ಹೋದದ್ದು ಮೇ ಕೊನೆಯಲ್ಲಿ, ಮೋಡ ಕಟ್ಟೋಕೆ ಶುರುವಾದ ಮೇಲೆ. ಅಜ್ಜಿಗೆ ಎಂಬತ್ತು ದಾಟಿದೆ. ದಿನಾ ಗುಡ್ಡ ಇಳಿದು ಕೆಲಸಕ್ಕೆ ಬಂದು, ಗುಡ್ಡ ಹತ್ತಿ ಮನೆಗೆ ಹೋಗುವವಳು. ನಾನು ನಾಲ್ಕು ಕಡೆ ಕೂತು, ನೀರು ಕುಡಿದು, ಕೋಲೂರಿ ಹತ್ತಿದೆ. ಬಾಗಿಲಲ್ಲಿ ಕೂತು ಕತ್ತಿ ಮಸೆಯುತ್ತಿದ್ದಳು. ನನ್ನ ನೋಡಿ ಎದ್ದು ನಿಂತವಳು ಖುಷಿಪಡುವ ಬದಲು ಬೈದಳು. "ನಿಮ್ಗೆ ತಲೆ ಸಮ ಇದ್ಯಾ ಅಕ್ಕೋರೇ? ಬಿದ್ರೆ ಹೊರೋರು ಯಾರು?"

ಅವಳಿಗೆ ಅಂತ ಒಯ್ದ ಸೀರೆ ಕೈಗೆ ಕೊಟ್ಟೆ. ತಿರುಗಿಸಿ ನೋಡಿ, ಬಣ್ಣ ಜಾಸ್ತಿ ಆಯ್ತು ಅಂದಳು. ಒಳಗೆ ಇಟ್ಟು ಬಂದಳು. ನಾವಿಲ್ಲದಾಗ ನಮ್ಮ ದನ ಅವಳಿಗೆ ಒದ್ದಿತ್ತಂತೆ. ಆವತ್ತಿನ ತನಕ ಹೇಳಿರಲಿಲ್ಲ. ಸೀರೆ ಎತ್ತಿ ಕಣಕಾಲಿನ ಕಪ್ಪು ಕಲೆ ತೋರಿಸಿದಳು. ನಾನು ಮಂಡಿ ತೋರಿಸಿದೆ. ಗಾಯದ ಹೊರಬದಿಯಲ್ಲಿ ಬೆರಳಿಟ್ಟು, ಇಲ್ಲಿ ಮುಟ್ಟಿದರೆ ನಂಗೆ ಗೊತ್ತೇ ಆಗಲ್ಲ ಅಂದೆ. ಅಲ್ಲಿನ ಚಿಕ್ಕ ನರ ಕೊಯ್ದು ಹೋಗಿರುತ್ತದೆ, ಎಷ್ಟೋ ಜನರಿಗೆ ಹಾಗೇ ಉಳಿಯುತ್ತದೆ. ಅವಳು ಉಗುರಿನಿಂದ ಚಿವುಟಿ ಪರೀಕ್ಷೆ ಮಾಡಿಯೇ ನಂಬಿದ್ದು. ಆಮೇಲೆ ಬೆಲ್ಲ, ನೀರು ಬಂತು. ಹೊರಡುವಾಗ ಮೊಮ್ಮಗನನ್ನ ಜೊತೆ ಮಾಡಿ ಕಳಿಸಿದಳು. ನಮ್ಮನೆಯ ಹಲಸಿನ ಮರದ ತನಕ ಅವನು ನನ್ನ ಮುಂದೆ ಮುಂದೆಯೇ ಇಳಿದ. ಜಾರಿದರೆ ಅವನ ಮೇಲೇ ಬೀಳಲಿ ಅಂತ ಅಜ್ಜಿ ಹೇಳಿ ಕಳಿಸಿದ್ದಳಂತೆ.

ಮಳೆಗಾಲದಲ್ಲಿ ಹೊರಗಿನ ನಡಿಗೆ ಕಡಿಮೆ ಆಯ್ತು. ಮೆಟ್ಟಿಲ ಹಾವಸೆಗೆ ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿ, ಮೇಲೆ ದಬ್ಬೆ ಹಾಸಿದರು. ಆದರೂ ಜೋರು ಮಳೆಯ ದಿನ ಜಗಲಿಯಲ್ಲೇ ಆ ತುದಿಯಿಂದ ಈ ತುದಿ, ಮೆತ್ತಿಗೆ ಹತ್ತಿ ಅಡಕೆ ಚೀಲಕ್ಕೆ ಬೂಸ್ಟು ಬಂತಾ ಅಂತ ನೋಡಿ ಇಳಿಯೋದು. ಒಂದು ಸಂಜೆ ಬಲಗಾಲಲ್ಲಿ ರಕ್ತ ಇಳಿಯುತ್ತಿತ್ತು. ಉಂಬಳ, ಮಳೆಗಾಲದ ಜಿಗಣೆ. ಅದು ಕಚ್ಚಿದ್ದು ಯಾವ ಕಾಲಲ್ಲೂ ಗೊತ್ತಾಗಲ್ಲ, ಆ ಮಾತು ಬೇರೆ. ಮೊದಲೆಲ್ಲ ಸುಣ್ಣ ಒತ್ತಿ ಮರೆತುಬಿಡುತ್ತಿದ್ದೆ. ಈಗ ಹಾಗಲ್ಲ. ಮೈಯಲ್ಲಿ ಎಲ್ಲೇ ಸೋಂಕು ಆದರೂ ರಕ್ತದ ಮೂಲಕ ಕೃತಕ ಮಂಡಿಗೆ ಹೋಗಬಹುದು. ಸೋಪು ಹಾಕಿ ತೊಳೆದು, ಕೆರೆಯದೆ, ದಿನಾ ನೋಡಿಕೊಳ್ಳಬೇಕು. ಹಲ್ಲು ಕೀಳಿಸುವಾಗಲೂ ಮಂಡಿ ಆಪರೇಷನ್ ಆಗಿದೆ ಅಂತ ಹೇಳಿ ಅಂದಿದ್ದಾರೆ.

ಈಗ ತೋಟಕ್ಕೆ ಇಳಿಯುತ್ತೇನೆ. ಹೊರೆ ಹೊರೋದಿಲ್ಲ. ಬಿದ್ದ ಅಡಕೆ ಹೆಕ್ಕೋಕೆ ಬಗ್ಗುವ ಬದಲು ಕೋಲಿಗೆ ಒಂದು ಚಿಮುಟ ಕಟ್ಟಿಸಿಕೊಂಡಿದ್ದೇನೆ. ಹಾಲು ಕರೆಯೋಕೆ ಎತ್ತರದ ಸ್ಟೂಲು, ದನ ಮೊದಮೊದಲು ಒಪ್ಪಲಿಲ್ಲ, ಈಗ ಸುಮ್ನಿರುತ್ತದೆ. ನಮ್ಮನೆಯವರು ಮರ ಹತ್ತಿಸೋದು ಬಿಟ್ಟು ಉದ್ದದ ಫೈಬರ್ ದೋಟಿ ಹಿಡಿದು ಕೆಲಸ ಮಾಡೋರನ್ನ ಕರೆಸುತ್ತಿದ್ದಾರೆ. ನೆಲದ ಮೇಲೇ ನಿಂತು ಔಷಧಿ ಹೊಡೆಯುತ್ತಾರೆ, ಕೊನೆ ಕೊಯ್ಯುತ್ತಾರೆ. ಕೆಳಗೆ ಕೊನೆ ಹಿಡಿಯೋರು ಬೇಕಲ್ಲ, ಅದಕ್ಕೆ ಇವರೇ ನಿಲ್ಲುತ್ತಾರೆ. ಹೇಳಿದರೆ ಕೇಳೋದಿಲ್ಲ.

ಎಡಗಾಲಿನ ಆಪರೇಷನ್ ಬರುವ ಫೆಬ್ರವರಿಗೆ. ಡಾಕ್ಟರಿಗೆ ಸುಗ್ಗಿ ಮುಗಿಯಲಿ ಅಂದಿದ್ದೇನೆ, ಈ ಸಲ ಅವರು ಯಾಕೆ ಅಂತ ಕೇಳಲಿಲ್ಲ. ಡೈರಿಯಲ್ಲಿ ಇನ್ನೂ ಆಶಾ ಕಾರ್ಯಕರ್ತೆಯ ಮನೆ ಬಾಕಿ ಇದೆ, ಅಷ್ಟರೊಳಗೆ ಒಂದು ದಿನ ಬಸ್ಸು ಹಿಡಿದು ಹೋಗಿ ಬರಬೇಕು. ವಾಕರ್ ಸದ್ಯ ಶಾಲೆ ಹತ್ತಿರದ ಒಂದು ಮನೆಯಲ್ಲಿದೆ. ಅವರಾದ ಮೇಲೆ ಇನ್ನೊಬ್ಬರು ಕೇಳಿದ್ದಾರಂತ ಸುದ್ದಿ. ಫೆಬ್ರವರಿಗೆ ನಂಗೆ ಬೇಕು ಅಂತ ಈಗಲೇ ಹೇಳಿ ಕಳಿಸಿದ್ದೇನೆ. ರಬ್ಬರ್ ಮತ್ತೆ ಸವೆದಿದೆಯಂತೆ, ಹುಬ್ಬಳ್ಳಿಗೆ ಹೋದಾಗ ನಾಲ್ಕು ತರಬೇಕು.